ಮುಕಾದಮನ ನಂಬರಿಗೆ ಬಂದ ಫೋನು

"ದವಾಖಾನಿಯಿಂದ ಫೋನ್ ಬಂದಿತ್ತೋ. ನಿನ್ನ ಹೆಸರ ಹೇಳಿ ಹುಡುಕ್ಲಿಕತ್ತಾರ. ಏನ್ ಬ್ಯಾನಿ ಅದ ನಿನಗ?"

ಮುಂಬೈ ಬಳಿಯ ಭಿವಂಡಿಯ ಗೋದಾಮಿನಲ್ಲಿ ಹಮಾಲರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಅಂಬಾರಾಯ ಇದನ್ನು ಎಲ್ಲರೆದುರಿಗೇ ಕೇಳಿದ. ಪೆಟ್ಟಿಗೆ ಹೊತ್ತಿದ್ದ ಲಕ್ಷ್ಮೀಕಾಂತನ ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದವರು ಸದ್ದಿಲ್ಲದೆ ಸರಿದು ನಿಂತರು.

ಕಳೆದ ವರ್ಷ ಹತ್ತಿರದ ಕಲ್ಯಾಣ ಊರಿನ ಆಸ್ಪತ್ರೆಯಲ್ಲಿ ಯುವಕರ ಹೃದಯವನ್ನು ಹತ್ತು ವರ್ಷ ಪರೀಕ್ಷಿಸುತ್ತಾ ಹೋಗುವ ಅಧ್ಯಯನವೊಂದಕ್ಕೆ ಅವನು ಹೆಸರು ಕೊಟ್ಟಿದ್ದ. ಬದಲಾಗದ ನಂಬರ್ ಬೇಕು ಅಂದಾಗ ಅಂಬಾರಾಯನದನ್ನು ಬರೆಸಿದ. ಕಲಬುರಗಿ ಕಡೆಯ ಹಮಾಲರು ಮಾಡುವುದೇ ಹಾಗೆ. ಸಿಮ್ಮು ಬದಲಾದೀತು, ಮುಕಾದಮ ಬದಲಾಗುವುದಿಲ್ಲ. ಬ್ಯಾಂಕಿಗೂ ಅವನದೇ ನಂಬರು, ಗ್ಯಾಸಿಗೂ ಅವನದೇ. ಆಸ್ಪತ್ರೆಗೂ ಅದನ್ನೇ ಕೊಟ್ಟು ಬಂದಿದ್ದ ಪುಣ್ಯಾತ್ಮ!

ಕೆಲಸವೂ ಅಂಬಾರಾಯನದು, ಮಲಗುವ ಖೋಲಿಯೂ ಅವನದೇ. ಹೋದ ಮಳೆಗಾಲ ಕೆಮ್ಮುತ್ತಿದ್ದ ಒಬ್ಬನನ್ನು ಗಂಟುಮೂಟೆ ಕಟ್ಟಿಸಿ ಊರಿನ ರೈಲು ಹತ್ತಿಸಿದ್ದ. ಫೋನು ಬಂದ ರಾತ್ರಿ ಲಕ್ಷ್ಮೀಕಾಂತನಿಗೆ ಅನ್ನ ಸೇರಲಿಲ್ಲ. ಹೋಗಿ ಗೋಗರೆದರೂ ಒಳಗೆ ಬಿಡದ ಆಸ್ಪತ್ರೆಯವರು ಏನೂ ಇಲ್ಲದೆ ತಾವಾಗಿ ಕರೆದಾರೆಯೇ?

ಮರುದಿನ ರಜ ಕೇಳಿ ಕಲ್ಯಾಣಕ್ಕೆ ಹೋದ. ಅಧ್ಯಯನದ ಕೆಲಸ ನೋಡಿಕೊಳ್ಳುವ ಪ್ರೇಕ್ಷಾ, ಉಡುಪಿ ಮೂಲದ ಹುಡುಗಿ, ಅವನನ್ನು ಕಂಡು ಕುಣಿಯುವುದೊಂದು ಬಾಕಿ.

"ಬಂದ್ರಲ್ಲ ಮಾರಾಯ್ರೆ! ನಿಮ್ಮ ಪ್ರಾಯದವರು ಒಮ್ಮೆ ಬಂದು ಹೋದರೆ ಆಮೇಲೆ ಪತ್ತೆಯೇ ಇಲ್ಲ."

"ನನಗೇನಾಗ್ಯದ್ರೀ ಅಕ್ಕಾ?"

"ಎಂತದ್ದೂ ಇಲ್ಲ. ವರ್ಷ ಆಯ್ತಲ್ಲ, ಅದಕ್ಕೆ ಕರೆದದ್ದು."

ಅವನಿಗೆ ನಂಬಿಕೆ ಬರಲಿಲ್ಲ. ತೋಳಿಗೆ ಪಟ್ಟಿ ಸುತ್ತಿದಾಗ ಕಿವಿಯೊಳಗೆಲ್ಲ ಎದೆಬಡಿತ. ಪ್ರೇಕ್ಷಾ ಒಮ್ಮೆ ನೋಡಿದಳು, ಕೂರಿಸಿ ನೀರು ಕೊಟ್ಟು ಮತ್ತೊಮ್ಮೆ ನೋಡಿದಳು.

"ಬಿಪಿ ಸ್ವಲ್ಪ ಜಾಸ್ತಿ ಉಂಟು. ಹೆದರಿಕೆಗೂ ಹಾಗಾಗ್ತದೆ, ನಿಜವಾಗಿ ಇದ್ದರೂ ಆಗ್ತದೆ. ಸೋಮವಾರ ಬನ್ನಿ, ಪುನಃ ನೋಡಿದರೆ ಗೊತ್ತಾಗ್ತದೆ. ತಪ್ಪಿಸಬೇಡಿ."

"ಬರ್ತೀನ್ರೀ. ಆ ನಂಬರಿಗಿ ಮಾತ್ರ ಫೋನ್ ಮಾಡಬ್ಯಾಡ್ರಿ," ಎಂದು ಕೈ ಮುಗಿದ. ಅವನ ಮುಖ ನೋಡಿ ಆಕೆ ಆ ನಂಬರನ್ನು ಅಳಿಸಿದಳು. ಬೇರೆ ನಂಬರ್ ಕೇಳಿದಳು. ಈಗಿನ ಸಿಮ್ಮು ಈ ವಾರವೇ ಬಂದಾಗುತ್ತದೆ, ಹೊಸದು ತಗೊಂಡು ಕೊಡುತ್ತೇನೆ ಅಂದ.

ಸ್ಟೇಷನ್ನಿನ ಮೆಟ್ಟಿಲಲ್ಲಿ ಅಂಬಾರಾಯನ ಫೋನು.

"ಏನಂದ್ರೋ?"

"ಏನೂ ಇಲ್ಲಂದ್ರು ಮಾಮಾ."

"ಮತ್ತ ಬಾ ಅಂದಾರೇನು? ಖರೇ ಹೇಳು."

ಹೌದೆಂದರೆ ಖೋಲಿಯಲ್ಲಿ ಇಂದೇ ಅವನ ಹಾಸಿಗೆ ಸುತ್ತಿಡುತ್ತಾರೆ. ಇಲ್ಲವೆಂದರೆ ಸೋಮವಾರ ಯಾವ ಬಾಯಿಂದ ರಜ ಕೇಳುವುದು?

"ಇಲ್ಲ ಮಾಮಾ. ಮತ್ತ ಬರೋದೇ ಬ್ಯಾಡಂದ್ರು."

"ಹಂಗಾದ್ರ ಲಗೂನ ಬಾ. ಗೋದಾಮಿಗಿ ಗಾಡಿ ಬಂದು ನಿಂತದ."

ಫೋನು ಇಟ್ಟ ಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಸೋಮವಾರದ ರಜ ಹೋಯಿತು, ಪ್ರೇಕ್ಷಾಳ ಹತ್ತಿರ ಅವನ ನಂಬರೂ ಇಲ್ಲ; ಅದು ಹೆದರಿಕೆಯದೋ ಬ್ಯಾನಿಯದೋ ಹೇಳುವವರು ಇನ್ನು ಯಾರೂ ಇರಲಿಲ್ಲ.