ಸ್ಲೀಮಾನರ ಹೆಸರಿನ ಪಾಸ್‌ವರ್ಡು

ಸ್ಫಾಕ್ಸ್ ಬಂದರಿನ ಬಳಿ ಆಲಿವ್ ಎಣ್ಣೆ ರಫ್ತು ಮಾಡುವ ಹಾಜಿ ತಾಹರನ ಕಚೇರಿಯಲ್ಲಿ ಕಂಪ್ಯೂಟರುಗಳೆಲ್ಲ ನೌಫಲನ ಸುಪರ್ದಿಯಲ್ಲಿದ್ದವು. ಪಾಸ್‌ವರ್ಡು ಮಾತ್ರ ಹಾಜಿಯದು. ಎಲ್ಲರಿಗೂ ಒಂದೇ: ತೀರಿಹೋದ ತನ್ನಪ್ಪ ಸ್ಲೀಮಾನರ ಹೆಸರು. ಬೆಳಿಗ್ಗೆ ಕಂಪ್ಯೂಟರು ತೆರೆಯುವವರೆಲ್ಲ ಆ ಹೆಸರನ್ನು ಒತ್ತಬೇಕು, ಒತ್ತುತ್ತ 'ದೇವರು ಅವರಿಗೆ ಕರುಣೆ ತೋರಲಿ' ಅನ್ನಬೇಕು. ಬೀದಿಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದಷ್ಟೇ ಪುಣ್ಯ ಎಂದು ಹಾಜಿ ನಂಬಿದ್ದ. ತೊಟ್ಟಿಗಿಂತ ಅಗ್ಗವಲ್ಲವೇ ಎಂದು ನೌಫಲ್ ಒಳಗೊಳಗೇ ಉರಿಯುತ್ತಿದ್ದ.

ಒಬ್ಬೊಬ್ಬರಿಗೆ ಒಂದೊಂದು ಇರಲಿ ಎಂದು ಅವನು ಎಷ್ಟೋ ಸಲ ಕೇಳಿದ್ದ. ಕೊನೆಯ ಸಲ ಹಾಜಿ ಎಲ್ಲರೆದುರಿಗೇ, "ನಮ್ಮಪ್ಪನ ಹೆಸರು ನಿನ್ನ ಬೆರಳಿಗೆ ಭಾರ ಆಯ್ತೇನಪ್ಪಾ?" ಅಂದ. ಆಮೇಲೆ ಯಾರು ಬಾಯಿ ಬಿಟ್ಟಾರು? ಯಾರು ಯಾವ ಫೈಲು ನೋಡಬಹುದು, ಯಾವುದನ್ನು ಮುಟ್ಟಬಾರದು ಎಂದು ನೌಫಲ್ ಅಚ್ಚುಕಟ್ಟಾಗಿ ಗೆರೆ ಎಳೆದಿಟ್ಟ. ಕೀಲಿ ಒಂದೇ ಆದಮೇಲೆ ಗೆರೆಯಿಂದೇನು? ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಒಳಗೆ ಹೋಗಬಹುದಿತ್ತು. ಎಲ್ಲ ಅಧಿಕಾರವೂ ಇದ್ದದ್ದು ನೌಫಲನ ಖಾತೆಗೆ. ಅದಕ್ಕೂ ಅದೇ ಹೆಸರು ಹಾಕಿಸಲು ಹಾಜಿ ಬೆನ್ನ ಹಿಂದೆ ನಿಂತು ನೋಡಿದ್ದ.

ಗಿರಾಕಿಗಳಿಗೆ ತೋರಿಸಲು ಇಟ್ಟ ಮಾದರಿಯ ಎಣ್ಣೆ ಕದ್ದು ಮಾರಿದನೆಂದು ಗುಮಾಸ್ತ ಲಮ್ಜದನನ್ನು ಹಾಜಿ ಓಡಿಸಿದ. ನೌಫಲ್ ಅಂದೇ ಲಮ್ಜದನ ಖಾತೆ ಮುಚ್ಚಿದ. ಆ ಶುಕ್ರವಾರ ಕಾವಲುಗಾರನೊಬ್ಬನನ್ನು ಬಿಟ್ಟು ಎಲ್ಲರೂ ಮಸೀದಿಗೆ ಹೋಗಿ ಬರುವಷ್ಟರಲ್ಲಿ ಮಿಶ್ರಣದ ಫೈಲುಗಳೆಲ್ಲ ಮಾಯ. ಯಾವ ಗಿರಾಕಿಗೆ ಯಾವ ಊರಿನ ಎಣ್ಣೆ, ಎಷ್ಟಕ್ಕೆ ಎಷ್ಟು ಬೆರೆಸಬೇಕು ಎಂದು ಸ್ಲೀಮಾನರ ಕಾಲದಿಂದ ಕೂಡಿಟ್ಟದ್ದು ಅದು. ಅವುಗಳ ನಕಲು ಇಟ್ಟಿದ್ದ ಡಿಸ್ಕೂ ಬರಿದು. ಅಳಿಸಿದವನು ನೌಫಲ್ ಎಂದು ಕಂಪ್ಯೂಟರು ತೋರಿಸಿತು.

ಆ ಹೊತ್ತಿನಲ್ಲಿ ಲಮ್ಜದ್ ಕೋಟು ಮರೆತಿದ್ದೇನೆ ಎಂದು ಬಂದಿದ್ದ, ತಾನೇ ಒಳಗೆ ಬಿಟ್ಟೆ ಎಂದು ಕಾವಲುಗಾರ ನೌಫಲನ ಕಿವಿಯಲ್ಲಿ ಹೇಳಿದ. ಹಾಜಿ ಕೇಳಿದಾಗ ತನ್ನ ಚಪ್ಪಲಿ ನೋಡುತ್ತ ಯಾರೂ ಬಂದಿಲ್ಲ ಅಂದ. ಲೆಕ್ಕ ನೋಡುವ ಹಯಾತ್ ಹಿಂದೆ ಎಷ್ಟೋ ಸಲ ಅವಸರಕ್ಕೆ ತಾನೇ ನೌಫಲನ ಖಾತೆ ತೆರೆದಿದ್ದವಳು. ಅದನ್ನಾದರೂ ಹೇಳಮ್ಮಾ ಎಂದು ನೌಫಲ್ ಬೇಡಿಕೊಂಡ.

"ಅಣ್ಣಾ, ನನ್ನ ಮನೇಲಿ ದುಡಿಯೋಳು ನಾನೊಬ್ಳೇ," ಅಂದು ಆಕೆ ತಲೆ ತಗ್ಗಿಸಿದಳು.

ಹಾಜಿ ಅವನನ್ನು ಕೋಣೆಗೆ ಕರೆಸಿದ. ಬಾಗಿಲು ಮುಚ್ಚಿಸಲಿಲ್ಲ.

"ಮಶೀನು ನಿನ್ನ ಹೆಸರು ಹೇಳ್ತಿದೆ."

"ಆ ಹೆಸರಲ್ಲಿ ಯಾರು ಬೇಕಾದ್ರೂ ಕೂರಬಹುದು ಹಾಜಿಗಳೇ, ಕೀಲಿ ಎಲ್ಲರ ಕೈಲೂ ಇದೆ. ಆ ಹೊತ್ತಲ್ಲಿ ನಾನು ನಮಾಜಿನ ಸಾಲಲ್ಲಿದ್ದೆ. ನಿಮ್ಮ ಪಕ್ಕದಲ್ಲೇ. ನಿಮ್ಮ ಭುಜ ನನಗೆ ತಾಗ್ತಿತ್ತು."

ಹಾಜಿ ಜಪಮಾಲೆಯ ಮಣಿಯೊಂದನ್ನು ಸರಿಸಿದ. "ನಮಾಜಲ್ಲಿ ನಾನು ಪಕ್ಕದೋರನ್ನ ನೋಡಲ್ಲ."

ಗೊತ್ತಿತ್ತು ಮುದುಕನಿಗೆ. ನಿಜ ಒಪ್ಪಿದರೆ ಅಪ್ಪನ ಹೆಸರೇ ಕಳ್ಳನಿಗೆ ಬಾಗಿಲು ತೆಗೆದದ್ದು ಎಂದು ಒಪ್ಪಬೇಕಿತ್ತು.

"ಅಪ್ಪನ ಆತ್ಮಕ್ಕೋಸ್ಕರ ಕ್ಷಮಿಸಿದೀನಿ. ತಪ್ಪಾಯ್ತು ಅಂದ್ಬಿಡು. ನಿನ್ನ ಕೆಲಸಕ್ಕೇನೂ ಆಗಲ್ಲ."

ಹೊರಗೆ ಕುರ್ಚಿಗಳ ಸದ್ದು ನಿಂತಿತು. ಒಂದು ಮಾತು ಅಂದರೆ ಅನ್ನ ಉಳಿಯುತ್ತಿತ್ತು. ಆದರೆ ಆ ಊರಿನಲ್ಲಿ ಸಾಯುವವರೆಗೂ ಧಣಿಯ ಮನೆ ಹಾಳು ಮಾಡಿದವನು ಎಂದೇ ಬದುಕಬೇಕಿತ್ತು.

"ತಪ್ಪಾಗಿದೆ ಹಾಜಿಗಳೇ. ಸತ್ತೋರ ಹೆಸರನ್ನ ಸಿಕ್ಕಸಿಕ್ಕೋರ ಕೈಗೆ ಕೊಟ್ಟಿದ್ದು ತಪ್ಪು. ಮಾಡಿದ್ದು ನಾನಲ್ಲ."

ಅಲ್ಲಿಗೆ ಅವನ ಕೆಲಸ ಮುಗಿಯಿತು. ಹೋಗುವ ಮುಂಚೆ ಹಾಜಿಯ ಅಳಿಯನಿಗೆ ಹೊಸ ಖಾತೆ ತೆರೆದು ಎಲ್ಲ ಅಧಿಕಾರ ಒಪ್ಪಿಸಬೇಕಿತ್ತು. ನೌಫಲ್ ಕುಳಿತ. ಹಾಜಿ ಮತ್ತೆ ಬೆನ್ನ ಹಿಂದೆ ಬಂದು ನಿಂತ. ಆ ಪಾಸ್‌ವರ್ಡಿಗೆ ದೃಷ್ಟಿ ತಾಗಿದೆ, ಇನ್ನು ಎಲ್ಲರಿಗೂ ತೀರಿಹೋದ ನಮ್ಮಮ್ಮನ ಹೆಸರು ಹಾಕು ಅಂದ.

ದೂಜಾ. ಹೆಸರು ಚಿಕ್ಕದಾಯಿತೆಂದು ಕಂಪ್ಯೂಟರು ಒಪ್ಪಲಿಲ್ಲ.

"ಎರಡು ಸಲ ಹಾಕು," ಅಂದ ಹಾಜಿ. "ಪುಣ್ಯನೂ ಎರಡು ಪಟ್ಟು."

ನೌಫಲ್ ಎರಡು ಸಲ ಒತ್ತಿದ. ವರ್ಷಗಟ್ಟಲೆಯ ರೂಢಿ, ಅವನನ್ನು ಕೇಳದೆಯೇ ತುಟಿ ತಾನಾಗಿ ಅಂದಿತು: ದೇವರು ಅವರಿಗೆ ಕರುಣೆ ತೋರಲಿ. ಆ ತುಟಿಯನ್ನು ರಕ್ತ ಬರುವಂತೆ ಕಚ್ಚಿಕೊಂಡು ಅವನು ಎದ್ದ.