ಹೊಳಪು ಹೋದ ಬಣ್ಣ

ಗ್ಯಾರೇಜಿನ ಚಳಿ ತಡೆಯಲಾರದೆ ಗುರುದತ್ ತನ್ನ ಸಾಮಾನನ್ನೆಲ್ಲ ಮನೆಯೊಳಕ್ಕೆ ತಂದ. ಆಮೇಲೆ ಅವನು ಸಾವಿರ ಸಲ ಹಳಿದುಕೊಂಡದ್ದು ಇದನ್ನೇ. ೨೦೧೪ರ ಚಳಿಗಾಲವದು; ಭೂಗೋಳದ ಆ ದಕ್ಷಿಣದ ದೇಶದಲ್ಲಿ ಚಳಿ ಬರುವುದು ಜೂನಿನಿಂದ ಆಗಸ್ಟಿನವರೆಗೆ. ಫ್ಲ್ಯಾಟ್ ಬುಷ್‌ನ ಆ ಮನೆಯ ಗ್ಯಾರೇಜಿನಲ್ಲಿ ಬೆರಳು ಮರಗಟ್ಟಿ, ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಜಾರಿ ಬೀಳುತ್ತಿದ್ದವು. ಊಟದ ಮೇಜಿನ ಮೇಲೆ ದೀಪ, ಭೂತಗನ್ನಡಿ, ಚಿಮಟ ಹರಡಿಕೊಂಡು ಕೂತ.

ವಾರವೆಲ್ಲ ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವವನಿಗೆ ಹಳೇ ವಾಚುಗಳ ರಿಪೇರಿಯೇ ಭಾನುವಾರದ ಉಸಿರು. ನಿಂತುಹೋದದ್ದನ್ನು ಬಿಚ್ಚಿ ತೊಳೆದು ಎಣ್ಣೆ ಹನಿಸಿ, ಒಳಗಿನ ಚಕ್ರ ಮಿಸುಕಿತೆಂದರೆ "ಬಂತು ನೋಡೇ ಜೀವ!" ಎಂದು ಹೆಂಡತಿಯನ್ನು ಕೂಗುತ್ತಿದ್ದ. ಆರು ತಿಂಗಳ ಬಸುರಿ ಅಪೂರ್ವಾ ಸೊಂಟ ಹಿಡಿದುಕೊಂಡು ಎದ್ದು ಬಂದು, ನೋಡಿ ನಗುತ್ತಿದ್ದಳು.

ಒನೆಹುಂಗಾದ ಹಳೇ ಸಾಮಾನಿನ ಅಂಗಡಿಯಲ್ಲಿ ಅವನಿಗೆ ಬಿಸ್ಕತ್ತಿನ ಡಬ್ಬಿಯ ತುಂಬ ಯುದ್ಧಕಾಲದ ಕೈಗಡಿಯಾರಗಳು ಸಿಕ್ಕಿದ್ದವು. ಕತ್ತಲಲ್ಲಿ ಸೈನಿಕರಿಗೆ ಕಾಣಲೆಂದು ಅಂಕಿಗಳಿಗೆ ಬಳಿದಿದ್ದ ಬಣ್ಣ ಈಗ ಸೀದ ಬೆಲ್ಲದಂತೆ ಕಪ್ಪಾಗಿತ್ತು. ಅದನ್ನು ಸೂಜಿಯಿಂದ ಕೆರೆದು, ಬಾಯಿಂದ ಊದಿ, ಹೊಸ ಬಣ್ಣ ತುಂಬುತ್ತಿದ್ದ. ನಾಲ್ಕು ವರ್ಷದ ಮಗಳು ನಿಧಿ ಪಕ್ಕದ ಕುರ್ಚಿಯಲ್ಲಿ ಮಂಡಿಯೂರಿ, "ಕ್ಯಾನ್ ಐ ಬ್ಲೋ ಟೂ, ಅಪ್ಪಾ?" ಎನ್ನುತ್ತಿದ್ದಳು.

"ಊದು ಪುಟ್ಟಿ," ಎಂದು ಡಯಲನ್ನು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಬಡಿಸುವ ಮುಂಚೆ ಅಪೂರ್ವಾ ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಬಳಿದು ತೆಗೆಯುತ್ತಿದ್ದಳು.

ಚಳಿಗಾಲ ಮುಗಿಯುತ್ತ ಬಂದಾಗ ಶ್ರೀರಂಗ ಊಟಕ್ಕೆ ಬಂದ. ಮೈಸೂರಿನ ಕಾಲೇಜಿನಿಂದಲೂ ಗೆಳೆಯ, ಇಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕೆರೆದಿಟ್ಟ ಡಯಲೊಂದನ್ನು ಎತ್ತಿ ನೋಡಿದವನು ಹಾಗೆಯೇ ಕೆಳಗಿಟ್ಟ.

"ಇದನ್ನ ಇಲ್ಲೇ ಕೂತು ಕೆರೆದ್ಯಾ?"

"ಹೂಂ. ಯಾಕೋ?"

"ಇದು ರೇಡಿಯಂ ಕಣೋ."

"ಹೊಳಪೆಲ್ಲ ಹೋಗಿದೆಯಲ್ಲ?"

"ಹೊಳಪು ಹೋಗಿರೋದು ಬಣ್ಣದ್ದು. ರೇಡಿಯಂ ಅರ್ಧ ಕರಗೋಕೂ ಸಾವಿರದ ಆರುನೂರು ವರ್ಷ ಬೇಕು. ಪುಡಿ ಒಳಗೆ ಹೋದ್ರೆ ಮೂಳೆಗೆ ಹೋಗಿ ಕೂತು ವಿಕಿರಣ ಸೂಸ್ತಾನೇ ಇರತ್ತೆ, ಮುಂದೆ ಕ್ಯಾನ್ಸರ್ ಬರಬಹುದು." ಅಷ್ಟು ಹೇಳಿ ಶ್ರೀರಂಗ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಿಧಿ ಇಲ್ಲಿ ಆಡ್ತಿರ್ಲಿಲ್ಲ ತಾನೇ?"

ಗುರುದತ್ ಪಕ್ಕದಲ್ಲಿದ್ದ ನಿಧಿಯ ಕುರ್ಚಿಯತ್ತ ತಿರುಗಿ ನೋಡಿದ.

ಮರುದಿನ ಶ್ರೀರಂಗ ತಾನು ಪಾಠ ಮಾಡುವ ಕಾಲೇಜಿನಿಂದ ವಿಕಿರಣ ಅಳೆಯುವ ಪೆಟ್ಟಿಗೆ ತಂದ. ಬಾಗಿಲಲ್ಲಿ ಅದು ಎಲ್ಲೋ ಒಮ್ಮೆ ಟಿಕ್ ಎನ್ನುತ್ತಿತ್ತು. ಮೇಜಿನ ಹತ್ತಿರ ಹುರಿಯುವ ಜೋಳದಂತೆ ಚಟಪಟ ಸಿಡಿಯಿತು. ಕಾರ್ಪೆಟ್ಟಿನ ಮೇಲೂ ಸಿಡಿಯಿತು. ನಿಧಿಯ ಕುರ್ಚಿಯ ಮೇಲೂ, ಅವಳು ತಬ್ಬಿಕೊಂಡು ಮಲಗುವ ಉಣ್ಣೆಯ ಮೊಲದ ಮೇಲೂ.

ಅಪೂರ್ವಾ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ತನ್ನ ಅಂಗೈಯನ್ನೇ ನೋಡುತ್ತ, "ನಾನು ಕೈಯಲ್ಲೇ ಬಳೀತಿದ್ದೆ. ಅದೇ ಕೈಯಲ್ಲಿ ಚಪಾತಿ ಹಾಕ್ತಿದ್ದೆ," ಎಂದಳು. ನಲ್ಲಿಯ ಕೆಳಗೆ ಕೈ ಹಿಡಿದವಳು ಚರ್ಮ ಕೆಂಪಾದರೂ ತೆಗೆಯಲಿಲ್ಲ. ಆಮೇಲೆ ನಿಧಿಯನ್ನು ಕರೆದುಕೊಂಡು, ಒಂದು ಬಟ್ಟೆಯನ್ನೂ ತೆಗೆದುಕೊಳ್ಳದೆ, ಎರಡು ಬೀದಿ ಆಚೆ ಇದ್ದ, ಊರಿನ ಕಡೆಯವರೇ ಆದ ಲೀಲಾವತಿ ಆಂಟಿಯ ಮನೆಗೆ ಹೊರಟುಹೋದಳು.

"ಅಪ್ಪಾ, ಮೈ ಬನ್ನಿ!" ಎಂದು ತನ್ನ ಮೊಲಕ್ಕಾಗಿ ಮಗು ಅಳುತ್ತಲೇ ಹೋಯಿತು. ಮೊಲವನ್ನು ಕೊಡುವಂತಿರಲಿಲ್ಲ.

ಸರ್ಕಾರದ ತಜ್ಞರು ಬರುವತನಕ ಏನನ್ನೂ ಮುಟ್ಟಬೇಡ ಎಂದು ಶ್ರೀರಂಗ ಹೇಳಿಹೋಗಿದ್ದ. ಆದರೆ ಕೈಕಟ್ಟಿ ಕೂರುವುದು ಗುರುದತ್ತನಿಂದ ಆಗಲಿಲ್ಲ. ಚಾಕು ತಂದು ಕಾರ್ಪೆಟ್ ಕೊಯ್ಯತೊಡಗಿದ. ಎಳೆದಂತೆಲ್ಲ ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳು ಎದ್ದು ಕುಣಿಯಿತು. ಏನು ಮಾಡುತ್ತಿದ್ದೇನೆಂದು ಆಗ ಹೊಳೆಯಿತು. ಉಸಿರು ಬಿಗಿಹಿಡಿದು ಹೊರಗೋಡಿ, ಹುಲ್ಲಿನ ಮೇಲೆ ಬಿದ್ದುಕೊಂಡು ಬಿಕ್ಕಿಬಿಕ್ಕಿ ಅತ್ತ. ಪಕ್ಕದ ಮನೆಯಾತ ಯೂಟ್ ಎಂಬ ತನ್ನ ಪಿಕಪ್ ಗಾಡಿ ತೊಳೆಯುವುದನ್ನು ನಿಲ್ಲಿಸಿ, "ಯೂ ಓಕೇ, ಮೇಟ್?" ಎಂದ.

ತಜ್ಞರು ಬಂದು ಮೇಜು, ಕುರ್ಚಿ, ಕಾರ್ಪೆಟ್, ವಾಚುಗಳನ್ನೆಲ್ಲ ಮುಚ್ಚಿದ ಪೀಪಾಯಿಗಳಲ್ಲಿ ಹೊತ್ತೊಯ್ದರು. ಮೂವರನ್ನೂ ಪರೀಕ್ಷಿಸಿದ ವೈದ್ಯೆ, ಸಮಾಧಾನದ ದನಿಯಲ್ಲೇ ಮಾತಾಡಿದಳು. ಒಳಗೆ ಹೋಗಿರುವುದು ಬಹಳ ಕಡಿಮೆ ಇರಬೇಕು, ಅಪಾಯ ಸಣ್ಣದು.

"ಸಣ್ಣದು ಅಂದ್ರೆ ಇಲ್ಲವೇ ಇಲ್ಲ ಅಂತಲಾ?" ಎಂದು ಗುರುದತ್ ಅಂಗಲಾಚಿದ.

"ಹಾಗೆ ಯಾರೂ ಹೇಳಲಾರರು," ಎಂದಳು ಅವಳು.

ಅವನು ಶ್ರೀರಂಗನನ್ನು ಕಾಡಿದ, ಇಂಟರ್‌ನೆಟ್ ಜಾಲಾಡಿದ, ದೇವರಿಗೆ ಹರಕೆ ಹೊತ್ತ. ಇಲ್ಲ ಎಂಬ ಒಂದು ಮಾತು ಎಲ್ಲಿಯೂ ಸಿಗಲಿಲ್ಲ. ನಿಧಿ ಕಾಲು ನೋವು ಎಂದರೆ ಸಾಕು, ಅವನ ಜೀವ ಬಾಯಿಗೆ ಬರುತ್ತಿತ್ತು. ದಿನಾ ಸಂಜೆ ಲೀಲಾವತಿ ಆಂಟಿಯ ಮನೆಗೆ ಹೋಗಿ ಸೋಫಾದ ತುದಿಯಲ್ಲಿ ಕೂರುತ್ತಿದ್ದ. ಅಪೂರ್ವಾ ಕಾಫಿ ತಂದು ದೂರದಲ್ಲಿಟ್ಟು ಹೋಗುತ್ತಿದ್ದಳು.

ನವೆಂಬರಿನಲ್ಲಿ ಗಂಡು ಮಗು ಹುಟ್ಟಿತು. ಕೈಕಾಲು ನೆಟ್ಟಗಿದ್ದವು, ಅಳು ಜೋರಾಗಿತ್ತು. ನರ್ಸ್ ಮಗುವನ್ನು ನೀಡಿದಾಗ ಗುರುದತ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ತೊಗೊಳ್ಳಿ," ಎಂದಳು ಅಪೂರ್ವಾ, ಹಾಸಿಗೆಯಿಂದ.

"ಬೇಡ ಅಪ್ಪೂ. ನನ್ನ ಕೈಗೆ ಬೇಡ."

"ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸ್ತೀನೋ ಇಲ್ವೋ ಅದೂ ಗೊತ್ತಿಲ್ಲ," ಎಂದಳು ಅವಳು. "ಆದ್ರೆ ಇಬ್ರು ಮಕ್ಕಳನ್ನ ಇಟ್ಕೊಂಡು ಒಬ್ಬಳೇ ಹೆದರ್ತಾ ಕೂರೋಕೆ ನನ್ನಿಂದಾಗಲ್ಲ. ತೊಗೊಳ್ಳಿ."

ಅವನು ಮಗುವನ್ನು ಎತ್ತಿಕೊಂಡ. ಅದು ಬೆಚ್ಚಗಿತ್ತು.