ಡ್ರೈವರಣ್ಣನ ಒಂದು ಓಟು

ಕಟ್ಟಡ ವಿಭಾಗದಲ್ಲಿ ಎಲ್ಲರೂ ಅವಳನ್ನು ‘ತಕ್ಕಡಿ’ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಕಾಫಿ ಬೇಕೋ ಚಹಾ ಬೇಕೋ ಎಂದರೂ ಒಂದು ಗಳಿಗೆ ತೂಗಿ ನೋಡಿ ಬಾಯಿ ಬಿಡುವ ಇಂಜಿನಿಯರಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ.

ಆಸ್ಪತ್ರೆಗೆ ಹೊಸ ಡಯಾಲಿಸಿಸ್ ಕಟ್ಟಡ ಬೇಕೆಂದು ತೀರ್ಮಾನವಾದಾಗ ದೊಡ್ಡ ಡಾಕ್ಟರು ಅವಳನ್ನೇ ಕೇಳಿ ಕರೆಸಿಕೊಂಡರು. ಹಿಂದಿನ ಸಲ ಅಡುಗೆಮನೆ ಕಟ್ಟಿಸುವಾಗ, ಕಡಿಮೆ ದರ ಹೇಳಿದವನಿಗೆ ಕಣ್ಣುಮುಚ್ಚಿ ಕೆಲಸ ಕೊಟ್ಟಿದ್ದರು. ಆ ಪುಣ್ಯಾತ್ಮ ಗೋಡೆ ಎಬ್ಬಿಸಿ, ಚಾವಣಿ ಅರ್ಧಕ್ಕೆ ಬಿಟ್ಟು, ಫೋನೂ ಎತ್ತದೆ ಮಾಯವಾಗಿದ್ದ. ಅಡುಗೆಯವರು ಇಂದಿಗೂ ತಗಡಿನ ಕೆಳಗೆ ಬೇಯುತ್ತಿದ್ದರು.

“ಈ ಸಲ ಹಾಗಾಗಬಾರದು ಕಣಮ್ಮ,” ಎಂದರು ಡಾಕ್ಟರು. “ಕಡಿಮೆ ದರ ಅನ್ನೋದೊಂದೇ ನೋಡಿ ಕೊಡಲ್ಲ. ಹಾಗಂತ ನನಗೆ ಬೇಕಾದವರಿಗೆ ಕೊಟ್ಟೆ ಅಂತ ಯಾರೂ ಬೆರಳು ತೋರಿಸೋ ಹಾಗೂ ಇರಬಾರದು.”

ಅವಳ ಕ್ರಮ ಕೇಳುವುದಕ್ಕೆ ಸರಳ. ಗುತ್ತಿಗೆದಾರರಲ್ಲಿ ನೋಡಬೇಕಾದ್ದು ದರ, ಅನುಭವ, ವೇಗ, ಕೆಲಸದ ಗಟ್ಟಿತನ, ಜೊತೆಗೆ ಕಟ್ಟುವಾಗ ರೋಗಿಗಳಿಗೆ ತೊಂದರೆ ಕೊಡದಿರುವುದು. ಎಲ್ಲವೂ ಮುಖ್ಯ ಎಂದು ಯಾರು ಬೇಕಾದರೂ ಹೇಳಿಬಿಡಬಹುದು. ಅದಕ್ಕೇ ಎರಡೆರಡನ್ನು ಎದುರುಬದುರು ನಿಲ್ಲಿಸಿ ಕೇಳಬೇಕು: ಇವೆರಡರಲ್ಲಿ ನಿಮಗೆ ಯಾವುದು ಹೆಚ್ಚು, ಎಷ್ಟು ಹೆಚ್ಚು? ಸಮಿತಿಯವರ ಉತ್ತರಗಳಿಂದ ಒಂದೊಂದಕ್ಕೂ ಒಂದು ತೂಕ ಬರುತ್ತದೆ. ಆ ತೂಕದಿಂದ ಗುತ್ತಿಗೆದಾರರನ್ನು ಅಳೆದರೆ ಯಾರು ಮೇಲೆಂಬುದು ಗೊತ್ತಾಗುತ್ತದೆ.

ಮನೆಯಲ್ಲಿ ಇದನ್ನು ವಿವರಿಸಿದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದವಳು ಗೊಳ್ಳನೆ ನಕ್ಕಳು. “ಓಹೋ, ಅದಕ್ಕೇ ನಿನಗೆ ಇನ್ನೂ ಯಾರೂ ಒಪ್ಪಿಗೆಯಾಗಿಲ್ಲ! ಹೋಗ್ಲಿ, ನಿಮ್ಮ ಭಾವನಿಗೆ ಎಷ್ಟು ಅಂಕ ಹಾಕ್ತೀಯ, ಹೇಳು ನೋಡೋಣ.”

“ನನ್ನನ್ನ ಬಿಟ್ಬಿಡಮ್ಮಾ,” ಎಂದು ಭಾವ ಒಳಗಿನಿಂದಲೇ ಕೂಗಿದ. “ನನ್ನ ಟೆಂಡರ್ ಮುಗಿದು ಯಾವ ಕಾಲವಾಯ್ತೋ!”

ಸಮಿತಿಯಲ್ಲಿ ನಾಲ್ವರಿದ್ದರು. ದೊಡ್ಡ ಡಾಕ್ಟರು, ಡಯಾಲಿಸಿಸ್ ವಿಭಾಗದ ಹಿರಿಯ ಸಿಸ್ಟರ್, ಲೆಕ್ಕಾಧಿಕಾರಿ, ಮತ್ತು ರೋಗಿಗಳ ಪರವಾಗಿ ಒಬ್ಬ ನಿವೃತ್ತ ಬಸ್ ಚಾಲಕರು. ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಬರುತ್ತಿದ್ದ ಅವರು ಆಸ್ಪತ್ರೆಗೆಲ್ಲ ಡ್ರೈವರಣ್ಣ. ಗುತ್ತಿಗೆಗೆ ಮೂವರು ಮುಂದೆ ಬಂದಿದ್ದರು. ಒಬ್ಬನ ದರ ಎಲ್ಲರಿಗಿಂತ ಕಡಿಮೆ. ಇನ್ನೊಬ್ಬನಿಗೆ ‘ಬಿರುಗಾಳಿ’ ಎಂದೇ ಹೆಸರು. ಹೇಳಿದ ದಿನಕ್ಕೆ ಮುಂಚೆ ಬೀಗದ ಕೈ ಒಪ್ಪಿಸುವವನು. ಮೂರನೆಯಾಕೆ, ಗಂಡ ತೀರಿಕೊಂಡ ಮೇಲೆ ಅವನ ಕೆಲಸಗಾರರ ತಂಡವನ್ನು ಒಡೆಯದ ಹಾಗೆ ನಡೆಸಿಕೊಂಡು ಬಂದ ಹೆಂಗಸು. ಜನ ಮೇಸ್ತ್ರಮ್ಮ ಎನ್ನುತ್ತಿದ್ದರು. ಕೆಲಸ ಗಟ್ಟಿ, ಧೂಳು ಸದ್ದು ಕಡಿಮೆ, ಆದರೆ ನಿಧಾನ ಎಂದರೆ ನಿಧಾನ.

ಡ್ರೈವರಣ್ಣ ಸಿಕ್ಕಿದ್ದು ನೆಲಮಾಳಿಗೆಯ ಓಣಿಯಲ್ಲಿ. ಅಲ್ಲಿಯೇ, ಹಿಂದೆ ಮುರಿದ ಮಂಚಗಳನ್ನು ತುಂಬಿಡುತ್ತಿದ್ದ ಉಗ್ರಾಣದಲ್ಲಿ, ಆರು ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಗೋಡೆಯ ತೇವಕ್ಕೆ ಬಣ್ಣ ಹಪ್ಪಳ ಕಟ್ಟಿ ಉದುರುತ್ತಿತ್ತು. ಬೆಂಚಿನ ಮೇಲೆ ಕುಳಿತಿದ್ದ ಅವರ ಪಾದ ಚಪ್ಪಲಿಗೆ ಹಿಡಿಸದಷ್ಟು ಊದಿತ್ತು.

“ಕೇಳಮ್ಮಾ, ಕೇಳು. ಇಲ್ಲಿ ಕೂತು ಇನ್ನೇನು ಮಾಡ್ಲಿ,” ಎಂದರು.

ಅವಳು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಕೇಳಿದಳು. ಅವರದು ಚುಟುಕು ಉತ್ತರ. ವೇಗವೋ ದರವೋ? ವೇಗ. ವೇಗವೋ ಗಟ್ಟಿತನವೋ? “ವೇಗ. ತುಂಬಾ ಹೆಚ್ಚು ಅಂತ ಬರ್ಕೋ.” ಅರ್ಧ ಮುಗಿಯುವಷ್ಟರಲ್ಲಿ ಒಳಗಿನಿಂದ ಸಿಸ್ಟರ್ ಕರೆದರು. ಮಧ್ಯಾಹ್ನ ಡ್ರೈವರಣ್ಣ ಹೊರಗೆ ಬರುವವರೆಗೂ ಕಾದು, ಡಾಕ್ಟರು ಕುಡಿಯಲು ಬಿಟ್ಟಿದ್ದ ಅರ್ಧ ಲೋಟ ಚಹಾ ಅವರು ಕುಡಿಯುತ್ತಿದ್ದಾಗ ಉಳಿದರ್ಧ ಕೇಳಿ ಮುಗಿಸಿದಳು. ಈಗ ಮಾತು ಧಾರಾಳವಾಗಿತ್ತು. ಬಸ್ಸಿನ ಕಥೆಯೊಂದು ನಡುವೆ ಬಂದು, ಸಿಸ್ಟರನ್ನೂ ನಗಿಸಿ ಹೋಯಿತು.

ಸಂಜೆ ಕಚೇರಿಯಲ್ಲಿ ಲೆಕ್ಕಕ್ಕೆ ಕುಳಿತಾಗ ಸಮಿತಿಯ ಉಳಿದ ಮೂವರ ಉತ್ತರಗಳು ಸಲೀಸಾಗಿ ಹೊಂದಿದವು. ಡ್ರೈವರಣ್ಣನದು ಮಾತ್ರ ಹೊಂದಲಿಲ್ಲ. ಗಟ್ಟಿತನಕ್ಕಿಂತ ವೇಗ ಮುಖ್ಯ ಎಂದಿದ್ದರು. ವೇಗಕ್ಕಿಂತ ತೊಂದರೆಯಾಗದಿರುವುದು ಮುಖ್ಯ. ಅದಕ್ಕಿಂತ ಗಟ್ಟಿತನ ಮುಖ್ಯ! ಒಬ್ಬರ ಉತ್ತರಗಳು ಹೀಗೆ ತಮ್ಮ ಬಾಲವನ್ನೇ ಅಟ್ಟಿಸಿಕೊಂಡು ಹೋದರೆ ಈ ಕ್ರಮ ಅವನ್ನು ಒಪ್ಪುವುದಿಲ್ಲ. ಮತ್ತೆ ಕೇಳಬೇಕು, ಇಲ್ಲವೇ ಬಿಡಬೇಕು.

“ಬಿಟ್ಬಿಡಿ ಮೇಡಂ,” ಎಂದರು ಲೆಕ್ಕಾಧಿಕಾರಿ. ಕೆಟ್ಟವರಲ್ಲ, ಅಡುಗೆಮನೆಯ ಹಗರಣದಲ್ಲಿ ಮೇಲಿನವರಿಗೆ ಉತ್ತರ ಕೊಟ್ಟು ಕೊಟ್ಟು ಹಣ್ಣಾಗಿದ್ದವರು. “ಪಾಪ, ಅವರನ್ನ ಹೆಸರಿಗೆ ಅಂತ ಸೇರಿಸಿದ್ದು. ಮೂರು ಜನರದ್ದು ಸರಿ ಇದೆಯಲ್ಲ. ಮುಗಿಸಿಬಿಡೋಣ.”

ಮೂವರ ತೂಕದಲ್ಲಿ ಬಿರುಗಾಳಿ ಗೆಲ್ಲುತ್ತಿದ್ದ. ಬಿಡುವುದಕ್ಕೆ ನಿಯಮದ ಅಡ್ಡಿಯೂ ಇರಲಿಲ್ಲ. ತಕ್ಕಡಿಗೂ ಒಮ್ಮೆ ಮನಸ್ಸಾಯಿತು. ಆದರೆ ಆ ನೆಲಮಾಳಿಗೆಗೆ ಇಳಿದು ಮಲಗುವವರು ನಾಲ್ವರಲ್ಲಿ ಅವರೊಬ್ಬರೇ. ಅವರನ್ನೇ ಬಿಟ್ಟು ಲೆಕ್ಕ ಸರಿಹೋಯಿತೆಂದರೆ ಅದೆಂಥ ಲೆಕ್ಕ ಎಂದು ಅವಳಿಗೆ ಸಮಾಧಾನವಾಗಲಿಲ್ಲ.

ಮರುದಿನ ಅವರ ಮನೆಗೇ ಹೋದಳು. ಗ್ಯಾರೇಜಿನ ಮೇಲಿನ ಎರಡು ಕೋಣೆಗಳ ಮನೆ. ಡ್ರೈವರಣ್ಣ ಕಿಟಕಿಯ ಬಳಿ ಕುಳಿತು ಕೆಳಗೆ ಯಾರೋ ಕಾರನ್ನು ಹಿಂದಕ್ಕೆ ತೆಗೆಯುವುದನ್ನು ನೋಡಿ, ಅವನಿಗೆ ಕೇಳಿಸದಿದ್ದರೂ ಬೈಯುತ್ತಿದ್ದರು. ಅವಳು ಸಂಕೋಚದಿಂದಲೇ ಮೂರು ಉತ್ತರಗಳನ್ನು ಓದಿ ಹೇಳಿದಳು.

“ಡ್ರೈವರಣ್ಣ, ಇದರಲ್ಲಿ ಯಾವುದು ನಿಜವಾಗ್ಲೂ ನಿಮ್ಮ ಮಾತು?”

ಉತ್ತರ ಕೊಟ್ಟದ್ದು ತರಕಾರಿ ಹೆಚ್ಚುತ್ತಿದ್ದ ಅವರ ಹೆಂಡತಿ. “ಮೂರೂ ಅವರದ್ದೇ ಕಣಮ್ಮ. ಬೆಳಿಗ್ಗೆ ಹೋಗುವಾಗ ನನ್ನ ಜೊತೆ ಬರೋ ಮನುಷ್ಯ ಬೇರೆ, ಮಧ್ಯಾಹ್ನ ವಾಪಸ್ ಬರೋ ಮನುಷ್ಯ ಬೇರೆ. ಇಷ್ಟು ವರ್ಷದಲ್ಲಿ ನನಗೆ ಅಭ್ಯಾಸ ಆಗಿದೆ. ನಿನಗೆ ಹೇಗೆ ಗೊತ್ತಾಗ್ಬೇಕು?”

“ಹೌದಮ್ಮ,” ಎಂದರು ಡ್ರೈವರಣ್ಣ ಮೆಲ್ಲಗೆ. “ಬೆಳಿಗ್ಗೆ ಮೈಯೆಲ್ಲ ನೀರು ತುಂಬಿರುತ್ತೆ, ಉಸಿರು ಮೇಲಕ್ಕೆ ಬರಲ್ಲ. ಅವಾಗ ಗಟ್ಟಿ ಕಟ್ಟಡ ತಗೊಂಡು ನಾನೇನು ಮಾಡ್ಲಿ? ನಾನು ಇರೋದ್ರೊಳಗೆ ಆಗ್ಲಿ, ಆ ಗುಂಡಿಯಿಂದ ಮೇಲೆ ಬರೋಣ ಅನ್ಸುತ್ತೆ. ಮಧ್ಯಾಹ್ನ ಮೈ ಹಗುರ ಆಗಿರುತ್ತೆ. ಕೆಲವರಿಗೆ ಸುಸ್ತಾಗುತ್ತೆ, ನನಗೆ ಹಾಗಲ್ಲ. ಅವಾಗ ನನ್ನ ಪಕ್ಕದ ಮಂಚದಲ್ಲಿ ಮಲಗ್ತಾಳಲ್ಲ, ಆ ಕಾಲೇಜು ಹುಡುಗಿ, ಅವಳು ನೆನಪಿಗೆ ಬರ್ತಾಳೆ. ಅವಳು ಇನ್ನೂ ಎಷ್ಟು ವರ್ಷ ಬರಬೇಕೋ. ಅವಳ ತಲೆ ಮೇಲೆ ಸೋರಬಾರದು ಅಂತ ಅನ್ಸುತ್ತೆ.” ಕಿಟಕಿಯಿಂದ ಇತ್ತ ತಿರುಗಿ ಸೇರಿಸಿದರು, “ಒಂದನ್ನ ತಗೊಂಡು ಇನ್ನೊಂದನ್ನ ಬಿಟ್ರೆ, ನನ್ನಲ್ಲಿ ಒಬ್ಬನಿಗೆ ಮೋಸ ಮಾಡ್ದಂಗೆ.”

ತಕ್ಕಡಿಗೆ ಕೆನ್ನೆ ಬಿಸಿಯಾಯಿತು. ಎರಡು ಹೊತ್ತಿನಲ್ಲಿ ಕೇಳಿದವಳು ತಾನು. ಊದಿದ ಪಾದ ನೋಡಿದ್ದಳು, ಆಮೇಲಿನ ನಗುವನ್ನೂ ನೋಡಿದ್ದಳು, ಎರಡನ್ನೂ ಜೋಡಿಸಿ ನೋಡಲಿಲ್ಲ. ತಪ್ಪು ಅವರ ತಲೆಯದೆಂದು ಹೊರಟಿದ್ದಳು.

“ಹಾಗಾದ್ರೆ ಇಬ್ಬರನ್ನೂ ಕೇಳ್ತೀನಿ,” ಎಂದಳು. “ಎಲ್ಲಾ ಪ್ರಶ್ನೆ ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ.”

“ಮಧ್ಯಾಹ್ನದವನಿಗೆ ಚಹಾ ಕೊಡಿಸಬೇಕು ನೋಡು,” ಎಂದು ಅವರು ನಕ್ಕರು.

ಹಾಗೆಯೇ ಕೇಳಿದಳು. ಬೆಳಗಿನ ಉತ್ತರಗಳು ತಮ್ಮಷ್ಟಕ್ಕೆ ಸರಿಯಾಗಿ ಹೊಂದಿದವು, ಮಧ್ಯಾಹ್ನದವೂ ಹೊಂದಿದವು. ಎರಡರ ಸರಾಸರಿ ತೆಗೆದು ಒಬ್ಬರ ಅಭಿಪ್ರಾಯವೆಂದು ಸಮಿತಿಯ ಮುಂದಿಟ್ಟಳು.

“ಇದೇನು ಮೇಡಂ, ಒಬ್ಬ ಮನುಷ್ಯನಿಗೆ ಎರಡು ಓಟಾ?” ಲೆಕ್ಕಾಧಿಕಾರಿ ಕುರ್ಚಿಯ ತುದಿಗೆ ಬಂದರು.

“ಇಲ್ಲ ಸಾರ್, ಒಂದೇ ಓಟು. ನಿಮ್ಮಷ್ಟೇ ತೂಕ. ಅದನ್ನ ಎರಡು ಹೊತ್ತಿನಲ್ಲಿ ಕೇಳಿದ್ದೀನಿ, ಅಷ್ಟೆ.”

“ಹಾಗೆ ನೋಡಿದ್ರೆ ನನ್ನನ್ನೂ ಊಟಕ್ಕೆ ಮುಂಚೆ ಒಂದ್ಸಲ, ಊಟ ಆದ ಮೇಲೆ ಒಂದ್ಸಲ ಕೇಳಬೇಕು,” ಎಂದು ದೊಡ್ಡ ಡಾಕ್ಟರು ನಕ್ಕುಬಿಟ್ಟರು. ಸಿಸ್ಟರ್ ಮಾತ್ರ ನಗಲಿಲ್ಲ. “ಮೇಡಂ ಹೇಳೋದು ನಿಜ ಡಾಕ್ಟ್ರೇ. ನಾನು ದಿನಾ ನೋಡ್ತೀನಿ,” ಎಂದರು. ಅಲ್ಲಿಗೆ ನಗೆ ನಿಂತಿತು.

ಹೊಸ ತೂಕದಲ್ಲಿ ಮೇಸ್ತ್ರಮ್ಮ ಮೇಲೆ ಬಂದಿದ್ದಳು, ಆದರೆ ಕೂದಲೆಳೆಯಷ್ಟು. ವೇಗದ ತೂಕವನ್ನು ಚೂರು ಹೆಚ್ಚಿಸಿದರೆ ಮತ್ತೆ ಬಿರುಗಾಳಿಯೇ. ತಕ್ಕಡಿ ಅದನ್ನು ಮುಚ್ಚಿಡಲಿಲ್ಲ. “ಇಷ್ಟು ಸಣ್ಣ ಅಂತರದ ಮೇಲೆ ಇವರಿಗೇ ಕೊಡಿ ಅಂತ ನಾನು ಹೇಳಲಾರೆ,” ಎಂದಳು. “ಆದ್ರೆ ಒಂದು ವಿಷಯ ನಾವು ಯಾರನ್ನೂ ಕೇಳಿಲ್ಲ. ಇಡೀ ಕಟ್ಟಡ ಮುಗಿಯೋ ತನಕ ಯಾಕೆ ಕಾಯಬೇಕು? ಮೊದಲು ಒಂದು ಕೋಣೆ ಪೂರ್ತಿ ಮಾಡಿ ಕೊಡೋಕಾಗುತ್ತಾ? ಮೂವರನ್ನೂ ಕೇಳೋಣ. ಒಂದೇ ದಿನ, ಒಂದೇ ಮಾತಲ್ಲಿ.”

ಬೆಳಗಿನ ಡ್ರೈವರಣ್ಣನಿಗೂ ಮಧ್ಯಾಹ್ನದವರಿಗೂ ಒಟ್ಟಿಗೆ ಹೊಂದುವುದೇನೆಂದು ಯೋಚಿಸುತ್ತಾ, ಬಸ್ಸಿನಲ್ಲಿ ತನ್ನ ನಿಲ್ದಾಣವನ್ನೇ ದಾಟಿ ಹೋದ ದಿನ ಅವಳಿಗೆ ಹೊಳೆದಿದ್ದ ಪ್ರಶ್ನೆ ಅದು.

ಬಿರುಗಾಳಿ ಸಾಧ್ಯವಿಲ್ಲ ಎಂದ. ಅವನ ವೇಗವೆಲ್ಲ ಒಟ್ಟಿಗೆ ನುಗ್ಗಿ ಮುಗಿಸುವುದರಲ್ಲಿತ್ತು. ತುಂಡು ಮಾಡಿದರೆ ಅವನ ಜನ ಖಾಲಿ ಕೂರಬೇಕು. ಕಡಿಮೆ ದರದವನು ದರ ಬದಲಾಗುತ್ತದೆ ಎಂದ. ಮೇಸ್ತ್ರಮ್ಮ ಸೆರಗಿನಿಂದ ಹಣೆ ಒರೆಸಿಕೊಂಡು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದಳು. “ಈ ಕಡೆಯಿಂದ ಶುರು ಮಾಡಿದ್ರೆ ಆಗುತ್ತೆ. ಆದ್ರೆ ಮಿಕ್ಕಿದ್ದಕ್ಕೆ ನನ್ನನ್ನ ಅವಸರ ಮಾಡಬಾರದು. ಈಗಲೇ ಹೇಳಿದ್ದೀನಿ.” ಎಲ್ಲರ ಉತ್ತರವನ್ನೂ ಸೇರಿಸಿ ತೂಗಿದಾಗ ಕೂದಲೆಳೆಯ ಅಂತರ ಕಣ್ಣಿಗೆ ಕಾಣುವಂತಾಯಿತು. ಲೆಕ್ಕಾಧಿಕಾರಿ ವೇಗದ ತೂಕವನ್ನು ತಾವೇ ಹೆಚ್ಚು ಕಡಿಮೆ ಮಾಡಿ ಮಾಡಿ ನೋಡಿದರು. ಆದರೂ ಮೇಸ್ತ್ರಮ್ಮನೇ ಮೇಲಿದ್ದಳು. ಕೊನೆಗೆ, “ಇದನ್ನ ಯಾರು ಬಂದು ಕೇಳಿದ್ರೂ ನಾನು ಉತ್ತರ ಹೇಳಬಲ್ಲೆ,” ಎಂದು ಸಹಿ ಹಾಕಿದರು.

ಕೆಲಸ ಶುರುವಾಯಿತು. ಎಲ್ಲವೂ ಅಂದುಕೊಂಡ ಹಾಗೆ ನಡೆಯಲಿಲ್ಲ. ಪಾಯ ತೋಡುವಾಗ ಯಾರಿಗೂ ಗೊತ್ತಿಲ್ಲದ ಹಳೆಯ ನೀರಿನ ಕೊಳವೆ ಒಡೆದು ಒಂದು ವಾರ ಹಾಳಾಯಿತು. ಅದೇ ಹೊತ್ತಿಗೆ ಡ್ರೈವರಣ್ಣನಿಗೆ ಎದೆಯಲ್ಲಿ ನೀರು ತುಂಬಿ ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ತಕ್ಕಡಿ ದಿನವೂ ಕೆಲಸದ ಜಾಗಕ್ಕೆ ಹೋಗುವ ಮುಂಚೆ ಆ ಗಾಜಿನ ಬಾಗಿಲ ಹತ್ತಿರ ನಿಂತು ಹೋಗುತ್ತಿದ್ದಳು. ಬಿರುಗಾಳಿಯಾಗಿದ್ದರೆ ಇಷ್ಟು ಹೊತ್ತಿಗೆ ಗೋಡೆ ಎದ್ದಿರುತ್ತಿತ್ತಲ್ಲ ಎಂಬ ಯೋಚನೆ ಅವಳನ್ನು ಕೊರೆಯುತ್ತಿತ್ತು.

ಒಂದು ದಿನ ಅವರ ಹೆಂಡತಿ ಅವಳ ಪಕ್ಕ ಬಂದು ನಿಂತರು. “ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀಯ? ಅವರನ್ನ ಎರಡೆರಡು ಸಲ ಕೇಳಿದವಳು ನೀನು. ನಾನೇ ಎಷ್ಟೋ ದಿನ ಒಂದೇ ಸಲ ಕೇಳಿ ಸುಮ್ಮನಾಗಿದ್ದೀನಿ. ಹೋಗು, ಕೆಲಸ ನೋಡ್ಕೋ.”

ಡ್ರೈವರಣ್ಣ ಚೇತರಿಸಿಕೊಂಡರು. ಮೊದಲಿಗಿಂತ ಸೊರಗಿದ್ದರು, ಗಾಲಿಕುರ್ಚಿ ಬೇಕಾಯಿತು, ಆದರೆ ನಾಲಿಗೆ ಹಾಗೇ ಇತ್ತು. ಹೇಳಿದ್ದಕ್ಕಿಂತ ಸ್ವಲ್ಪ ತಡವಾಗಿ ಮೇಸ್ತ್ರಮ್ಮ ಮೊದಲ ಕೋಣೆಯನ್ನು ಒಪ್ಪಿಸಿದಳು. ನೆಲಮಟ್ಟದಲ್ಲಿ, ಮೆಟ್ಟಿಲಿಲ್ಲದೆ, ನಾಲ್ಕು ಮಂಚದ ಕೋಣೆ. ಕಾಲೇಜು ಹುಡುಗಿಗೆ ಕಿಟಕಿಯ ಪಕ್ಕದ ಮಂಚ ಬಿಟ್ಟುಕೊಟ್ಟು ಡ್ರೈವರಣ್ಣ ಅದರ ಪಕ್ಕದ್ದು ಹಿಡಿದರು.

ಮೊದಲ ದಿನವೇ ದೂರು ಶುರು. ಬೆಳಕು ಕಣ್ಣಿಗೆ ಹೊಡೆಯುತ್ತದೆ, ಪಕ್ಕದ ಗೋಡೆಯಾಚೆ ಕುಟ್ಟುತ್ತಾರೆ. ಮೇಸ್ತ್ರಮ್ಮ ಬಾಗಿಲಲ್ಲಿ ನಿಂತು, “ಕುಟ್ಟದೆ ಗೋಡೆ ಹೇಗೆ ಬರುತ್ತಣ್ಣ?” ಎಂದು ಜಗಳಕ್ಕೆ ನಿಂತಳು. ಇಬ್ಬರೂ ಸ್ವಲ್ಪ ಹೊತ್ತು ಖುಷಿಯಾಗಿ ವಾದ ಮಾಡಿದರು. ಆಮೇಲೆ ಅವಳೇ ಹೋಗಿ, ಡಯಾಲಿಸಿಸ್ ಯಂತ್ರ ನಡೆಯುವ ಹೊತ್ತಿನಲ್ಲಿ ಆ ಬದಿಯ ಕೆಲಸ ನಿಲ್ಲಿಸಿ ಎಂದು ತನ್ನವರಿಗೆ ಹೇಳಿದಳು.

ತಕ್ಕಡಿ ಒಳಗೆ ಬಂದಾಗ ಡ್ರೈವರಣ್ಣನಿಗೆ ನಿದ್ದೆ ಹತ್ತಿತ್ತು. ಹುಡುಗಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟರು. ತಕ್ಕಡಿ ತುದಿಗಾಲಲ್ಲಿ ಹೋಗಿ ಅವರ ಮುಖದ ಮೇಲೆ ಬಿದ್ದಿದ್ದ ಬಿಸಿಲಿಗೆ ಪರದೆ ಎಳೆದಳು. ಹುಡುಗಿಯ ಕಡೆಯ ಅರ್ಧವನ್ನು ತೆರೆದೇ ಬಿಟ್ಟು, ಎರಡನೆಯ ಕೋಣೆಯ ಚಾವಣಿಗೆ ಕಬ್ಬಿಣ ಕಟ್ಟುತ್ತಿದ್ದ ಕಡೆಗೆ ನಡೆದಳು.